ಹಳೇ ಪಿಟೀಲು, ಹೊಸ ಪಿಟೀಲು, ಕಾರ್ಬನ್ ಪಿಟೀಲು: ಜೀವ ಯಾವುದರಲ್ಲಿದೆ?

ವಾದ್ಯಕ್ಕೂ ಒಂದು ಜೀವ ಇರುತ್ತದೆ ಅಂತ ನುಡಿಸುವವರು ಹೇಳುತ್ತಾರೆ. ಸುಮ್ನೆ ಹೇಳುವ ಮಾತಾ, ನಿಜವಾ? ನೋಡೋಣ ಅಂತ ಮೂರು ಪಿಟೀಲುಗಳನ್ನು ಒಂದೇ ಕಮಾನು, ಒಂದೇ ಥರದ ತಂತಿ, ಒಂದೇ ಶ್ರುತಿಯಲ್ಲಿ ನುಡಿಸುತ್ತಾ ಬಂದೆ.

ಮರದ ಬದಲು ಕಾರ್ಬನ್ ಫೈಬರ್ (ಇಂಗಾಲದ ನಾರು) ಬಳಸಿ ಮಾಡಿದ್ದಕ್ಕೆ ಹವಾಮಾನದ ಕಾಟವಿಲ್ಲ. ನಾದ ಜೋರಾಗಿದೆ, ಶುದ್ಧವಾಗಿದೆ. ಪ್ರಯಾಣಕ್ಕೆ ಇದೇ ಸರಿ. ಆದರೆ ನಾನು ಕಮಾನನ್ನು ಹೇಗೇ ಎಳೆದರೂ ಉತ್ತರ ಹೆಚ್ಚುಕಮ್ಮಿ ಒಂದೇ.

ಹೊಸ ಮರದ ಪಿಟೀಲು ಕಮಾನು ತಾಗಿದ ಕೂಡಲೇ ಮಾತಾಡುತ್ತದೆ. ನಾಲ್ಕೂ ತಂತಿ ಸಮವಾಗಿವೆ, ವೇಗದ ಜಾಗಗಳಲ್ಲಿ ಒಂದು ಸ್ವರವೂ ನುಂಗಿಹೋಗುವುದಿಲ್ಲ. ಒತ್ತಿ ಎಳೆದರೆ ಮೇಲಿನ ತಂತಿ ಸ್ವಲ್ಪ ಚೀರುತ್ತದೆ, ಅಷ್ಟೇ.

ಹಳೆಯದರ ಕಥೆಯೇ ಬೇರೆ. ಇದನ್ನು ಅವಸರ ಮಾಡಿಸೋಕೆ ಆಗಲ್ಲ. ಒತ್ತಿದರೆ ದನಿ ಕಟ್ಟಿಕೊಳ್ಳುತ್ತದೆ. ತಂತಿಗಳನ್ನು ಎತ್ತಿ ಹಿಡಿಯುವ ಬ್ರಿಡ್ಜಿನ ಹತ್ತಿರ ಕಮಾನನ್ನು ನಿಧಾನವಾಗಿ ಎಳೆದರೆ ತುಂಬಿಕೊಂಡು ಬರುತ್ತದೆ, ಗಲ್ಲದ ಮೂಳೆಗೇ ತಾಗುತ್ತದೆ. ಮಂದ್ರ ತಂತಿಯಲ್ಲಿ ಬೆರಳು ಮೇಲೇರುತ್ತಾ ಹೋದರೆ ಒಂದು ಸ್ವರದ ಬಳಿ ನಾದ ನಡುಗುತ್ತದೆ, ತೊದಲುತ್ತದೆ. ಇದಕ್ಕೆ ವುಲ್ಫ್ ನೋಟ್ ಅಂತಾರೆ. ತಂತಿಯ ಕಂಪನವೂ ಪಿಟೀಲಿನ ಒಡಲಿನ ಸಹಜ ಕಂಪನವೂ ಒಂದೇ ಕಡೆ ಬಿದ್ದಾಗ ಎರಡೂ ಜಗ್ಗಾಡುವುದರಿಂದ ಹೀಗಾಗುತ್ತದೆ. ಆ ಸ್ವರದ ಮೇಲೆ ಬೆರಳಿನ ಬಿಗಿ ಎಷ್ಟು, ಕಮಾನಿನ ಭಾರ ಎಷ್ಟು ಅಂತ ಕೈ ತಾನೇ ಕಲಿತುಕೊಂಡಿತು. ಕಲಿಸಿದ್ದು ಆ ಪಿಟೀಲೇ.

ಇದೆಲ್ಲ ಮರದ ವಯಸ್ಸಿನಿಂದ ಬಂದದ್ದಾ? ನನಗೆ ಹಾಗನ್ನಿಸುವುದಿಲ್ಲ. ಪಿಟೀಲಿನೊಳಗೆ ಸೌಂಡ್ ಪೋಸ್ಟ್ ಅನ್ನುವ ಸಣ್ಣ ಮರದ ಕಡ್ಡಿ ಇರುತ್ತದೆ. ಅಂಟಿಲ್ಲ, ಎರಡು ಹಲಗೆಗಳ ನಡುವೆ ಒತ್ತಡದಿಂದಲೇ ನಿಂತಿರುತ್ತದೆ. ರಿಪೇರಿ ಮಾಡುವವರು ಅದನ್ನು ಕೂದಲೆಳೆಯಷ್ಟು ಸರಿಸಿದ ಮೇಲೆ ನನ್ನ ಹಳೇ ಪಿಟೀಲಿನ ಗಡಸುತನ ಅರ್ಧ ಇಳಿಯಿತು. ಇನ್ನು, 2010ರಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಸಂಶೋಧಕಿ ಕ್ಲೋಡಿಯಾ ಫ್ರಿಟ್ಜ್ ಮತ್ತು ಪಿಟೀಲು ತಯಾರಕ ಜೋಸೆಫ್ ಕರ್ಟಿನ್ ತಂಡ 21 ವಾದಕರಿಗೆ ಕಣ್ಣು ಕಾಣದ ಹಾಗೆ ಕನ್ನಡಕ ಹಾಕಿಸಿ, ಮೂರು ಹೊಸ, ಮೂರು ಹಳೇ ಪಿಟೀಲು ಕೊಟ್ಟಿತ್ತು. ಹೆಚ್ಚು ಜನ ಮೆಚ್ಚಿದ್ದು ಹೊಸದೊಂದನ್ನು. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಒಂದು ಸ್ಟ್ರಾಡಿವೇರಿಯಸ್, ಅಂದರೆ ಇಟಲಿಯ ಹೆಸರಾಂತ ತಯಾರಕ ಸ್ಟ್ರಾಡಿವರಿ ಮಾಡಿದ ಹಳೇ ಪಿಟೀಲು! ಹೆಸರು ಗೊತ್ತಿಲ್ಲದಿದ್ದರೆ ಹೆಸರಿನ ಮೋಹವೂ ಇರಲ್ಲ, ಅಲ್ವಾ?

ಹಾಗಂತ ಪಿಟೀಲಿಗೆ ಗುಣವೇ ಇಲ್ಲ ಅಂತಲ್ಲ. ಆ ವಾದಕರೂ ಒಂದನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಂಡರಲ್ಲ! ಗುಣ ಖಂಡಿತ ಇದೆ. ಅದು ಕೇಳುವವರ ಕಿವಿಗಿಂತ ಜಾಸ್ತಿ ನುಡಿಸುವವರ ಬಲಗೈಗೆ ಗೊತ್ತಾಗುತ್ತದೆ. ನನ್ನ ತೀರ್ಮಾನ ಹೀಗೆ: ವೇದಿಕೆಗೆ ಹೊಸದು, ಪ್ರಯಾಣಕ್ಕೆ ಕಾರ್ಬನ್. ದಿನದ ಸಾಧನೆಗೆ ಮಾತ್ರ ಹಳೆಯದೇ ಬೇಕು, ತಪ್ಪು ಎಳೆತವನ್ನು ಅದು ಒಪ್ಪುವುದೇ ಇಲ್ಲ.