ಅಟಾರಿ ಎಸ್‌ಟಿಯೋ, ಕಮೊಡೋರ್ 64ಓ? ಎರಡನ್ನೂ ಸಿಂಥ್ ಪಕ್ಕ ಇಟ್ಟು ನೋಡಿದೆ

ಎರಡೂ ಎಂಬತ್ತರ ದಶಕದ ಮನೆ ಕಂಪ್ಯೂಟರುಗಳು. ಸಂಗೀತ ಮಾಡಲು ಯಾವುದು ವಾಸಿ ಅಂದರೆ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಟಾರಿಗೆ. ಕಮೊಡೋರ್ 64 ಈಗ ಬಟ್ಟೆ ಹೊದ್ದು ಕಪಾಟಿನ ಮೇಲೆ ಕೂತಿದೆ. ಹಾಗಂತ ಮಾರಲು ಮನಸ್ಸಿಲ್ಲ.

ನನ್ನ ಹತ್ತಿರ ಎರಡು ಸಿಂಥ್ (ಸದ್ದನ್ನು ತಾನೇ ಹುಟ್ಟಿಸುವ ಎಲೆಕ್ಟ್ರಾನಿಕ್ ವಾದ್ಯ), ಒಂದು ಡ್ರಮ್ ಮಷೀನ್ ಇವೆ. ಲ್ಯಾಪ್‌ಟಾಪ್ ತೆರೆದರೆ ಪ್ಲಗಿನ್ ಹುಡುಕುವುದರಲ್ಲೇ ರಾತ್ರಿ ಮುಗಿಯುತ್ತಿತ್ತು. ಟ್ಯೂನ್ ಮಾತ್ರ ಮುಗಿಯುತ್ತಿರಲಿಲ್ಲ. ಹಳೇ ಕಂಪ್ಯೂಟರ್ ಹುಚ್ಚು ಹಿಡಿದದ್ದು ಹೀಗೆ.

ಅಟಾರಿ 1040 ಎಸ್‌ಟಿಗೆ ಮಿಡಿ ಇನ್, ಮಿಡಿ ಔಟ್ ಹುಟ್ಟಿನಿಂದಲೇ ಇವೆ. ಯಾವ ನೋಟ್ ಯಾವಾಗ ನುಡಿಸಬೇಕು ಅಂತ ವಾದ್ಯಗಳಿಗೆ ಹೇಳುವ ಭಾಷೆಯೇ ಮಿಡಿ. ಕೇಬಲ್ ಚುಚ್ಚಿ, ನೋಟ್‌ಗಳನ್ನು ಜೋಡಿಸಿ ನುಡಿಸುವ ಕ್ಯೂಬೇಸ್ ತಂತ್ರಾಂಶದ ಫ್ಲಾಪಿ ಹಾಕಿದರೆ ಕೆಲಸ ಶುರು. 8 ಮೆಗಾಹರ್ಟ್ಜ್ ಪ್ರೊಸೆಸರ್ ಅಂದರೆ ಈಗ ನಗು ಬರುತ್ತದೆ. ಆದರೆ ಅಪ್‌ಡೇಟ್ ಇಲ್ಲ, ನೋಟಿಫಿಕೇಶನ್ ಇಲ್ಲ, ಇಡೀ ಯಂತ್ರದ ಗಮನ ತಾಳದ ಮೇಲೆ. ಕಿಕ್ ಡ್ರಮ್‌ನ ಪೆಟ್ಟು ಎಲ್ಲಿ ಬೀಳಬೇಕೋ ಅಲ್ಲೇ ಬೀಳುತ್ತದೆ. ಮಿಡಿಯ ವೇಗ ಮಾತ್ರ ಎಲ್ಲಿ ಹೋದರೂ ಅಷ್ಟೇ, ಸೆಕೆಂಡಿಗೆ 31,250 ಬಿಟ್. ಒಂದು ನೋಟ್ ದಾಟಲು ಸುಮಾರು 1 ಮಿಲಿಸೆಕೆಂಡ್ ಬೇಕು. ಹತ್ತು ನೋಟ್ ಒಟ್ಟಿಗೆ ತುರುಕಿದರೆ ಅಟಾರಿಯೂ ಕೈಚೆಲ್ಲುತ್ತದೆ.

ನನ್ನನ್ನು ಅಳಿಸಿದ್ದು ಫ್ಲಾಪಿ. ಎಸ್‌ಟಿಗೆ ಬೇಕಾದದ್ದು 720 ಕೆಬಿಯ ಡಬಲ್ ಡೆನ್ಸಿಟಿ ಡಿಸ್ಕ್. ನನಗೆ ಸಿಕ್ಕಿದ್ದು 1.44 ಎಂಬಿಯ ಹೈ ಡೆನ್ಸಿಟಿಯವು. ಪಿಸಿ ಡಿಸ್ಕಿನ ಬಗೆ ಗುರುತಿಸುವುದು ಮೂಲೆಯ ತೂತಿನಿಂದ, ಅದಕ್ಕೆ ಟೇಪ್ ಅಂಟಿಸಿ, ಪಿಸಿಯಲ್ಲಿ 720 ಕೆಬಿಗೆ ಫಾರ್ಮ್ಯಾಟ್ ಮಾಡಿದೆ. ಅಟಾರಿ ತಕರಾರಿಲ್ಲದೆ ಓದಿತು. ಆಹಾ, ಎಷ್ಟು ಜಾಣ ನಾನು!

ಮೂರು ವಾರ ಕಳೆಯಿತು. ಒಂದು ಸಂಜೆ ಅರ್ಧ ಕೆತ್ತಿದ ಟ್ರ್ಯಾಕ್ ತೆರೆಯಲು ಹೋದರೆ ಡ್ರೈವ್ ಗರಗರ ಅಂದು ಸುಮ್ಮನಾಯಿತು. ಇನ್ನೊಂದು ಡಿಸ್ಕ್ ಹಾಕಿದೆ, ಅದೇ ಕಥೆ. ತಪ್ಪು ಯಂತ್ರದ್ದಲ್ಲ. ಎರಡು ಬಗೆಯ ಡಿಸ್ಕಿಗೆ ಬಳಿದಿರುವ ಕಾಂತದ ಲೇಪವೇ ಬೇರೆ. ಟೇಪ್ ಅಂಟಿಸಿದರೆ ಲೇಪ ಬದಲಾಗುತ್ತದಾ? ಡಬಲ್ ಡೆನ್ಸಿಟಿಯ ಲೆಕ್ಕದಲ್ಲಿ ಬರೆದದ್ದು ಅದರ ಮೇಲೆ ಗಟ್ಟಿಯಾಗಿ ನಿಲ್ಲುವುದಿಲ್ಲ. ಕೊನೆಗೆ ಡ್ರೈವ್ ಬಿಚ್ಚಿ ಗೋಟೆಕ್ ಕೂರಿಸಿದೆ, ಅದು ಪೆನ್‌ಡ್ರೈವನ್ನೇ ಫ್ಲಾಪಿ ಅಂತ ನಂಬಿಸುವ ಡಬ್ಬಿ. ಈಗ ಎಲ್ಲ ಫ್ಲಾಪಿಗಳೂ ಒಂದು ಪೆನ್‌ಡ್ರೈವಿನಲ್ಲಿವೆ. ಆ ಗರಗರ ಸದ್ದು ಹೋಯಿತಲ್ಲ ಅಂತ ಒಂಚೂರು ಬೇಜಾರಿದೆ, ಅಷ್ಟೇ.

ಕಮೊಡೋರ್‌ನ ಮಾತೇ ಬೇರೆ. ಅದು ತಾನೇ ಒಂದು ಸಿಂಥ್. ಬಾಬ್ ಯಾನೆಸ್ ರೂಪಿಸಿದ, ಸದ್ದು ಹುಟ್ಟಿಸುವ ಸಿಡ್ ಚಿಪ್‌ನಲ್ಲಿ ಮೂರೇ ದನಿ, ಜೊತೆಗೆ ದನಿಯ ಬಣ್ಣ ಬದಲಿಸುವ ಒಂದು ಅನಲಾಗ್ ಫಿಲ್ಟರ್. ಹಳೆಯ 6581 ಚಿಪ್ ಆದರೆ ಒಂದರ ಫಿಲ್ಟರ್ ಇನ್ನೊಂದರ ಹಾಗಿರುವುದಿಲ್ಲ. ಬೇರೆಯವರ ಪ್ಯಾಚ್ (ಸದ್ದಿನ ಸೆಟ್ಟಿಂಗ್) ನನ್ನಲ್ಲಿ ಮಂಕಾಗಿ ಕೇಳಿದ್ದೂ ಇದೆ. ಬಾಸ್ ಮಾತ್ರ ಎದೆಗೆ ಗುದ್ದುತ್ತದೆ, ಅಟಾರಿಯ ಸದ್ದಿನ ಯಮಹಾ ಚಿಪ್ ಅದರ ಹತ್ತಿರವೂ ಸುಳಿಯುವುದಿಲ್ಲ.

ಆದರೆ ನನಗೆ ಬೇಕಿದ್ದದ್ದು ಸಿಂಥ್‌ಗಳನ್ನು ನುಡಿಸುವ ಯಂತ್ರ, ಇನ್ನೊಂದು ಸಿಂಥ್ ಅಲ್ಲ. ಕಮೊಡೋರ್‌ಗೆ ಮಿಡಿ ಬೇಕೆಂದರೆ ಕಾರ್ಟ್ರಿಡ್ಜ್ ಬೇರೆ ಕೊಳ್ಳಬೇಕು. ದುಡ್ಡು ಒಂದಕ್ಕೇ ಇತ್ತು ಅಂತಿದ್ದರೆ ಕಣ್ಣು ಮುಚ್ಚಿ ಎಸ್‌ಟಿ ತರುತ್ತಿದ್ದೆ.

ಕಮೊಡೋರ್ ಕಂಪನಿಯದೇ ಇನ್ನೊಂದು ಕಂಪ್ಯೂಟರ್ ಅಮಿಗಾ? ಸ್ಯಾಂಪಲ್ (ರೆಕಾರ್ಡ್ ಮಾಡಿದ ಸದ್ದಿನ ತುಣುಕು) ಕತ್ತರಿಸಿ ಟ್ರ್ಯಾಕರ್ ತಂತ್ರಾಂಶ‌ನಲ್ಲಿ ಜೋಡಿಸುವವರಿಗೆ ಸರಿ, ನನಗೆ ಆ ಅಭ್ಯಾಸವಿಲ್ಲ. ಎಸ್‌ಟಿ ಕೊಳ್ಳುವವರು ಕಪ್ಪು-ಬಿಳುಪು ಮಾನಿಟರ್ ಜೊತೆಗೇ ತನ್ನಿ, ಕ್ಯೂಬೇಸ್‌ಗೆ ಅದು ಬೇಕೇ ಬೇಕು.

ಯಾವುದಾದರೂ ಟ್ಯೂನಿಗೆ ಬಾಸ್ ಸಾಲದು ಅನಿಸಿದಾಗ ಕಪಾಟಿನ ಮೇಲಿನ ಬಟ್ಟೆ ಸರಿಸುತ್ತೇನೆ. ನಾಲ್ಕು ಸಾಲು ರೆಕಾರ್ಡ್ ಮಾಡಿಕೊಂಡು ಮತ್ತೆ ಹೊದಿಸಿಬಿಡುತ್ತೇನೆ.