ಪತ್ರಾಸ ಮನೆಗೆ "ಬಿಸಿಲು ತಡೆಯೋ ಪೇಂಟ್, ಸರ್ಕಾರದ ಸಬ್ಸಿಡಿ" ಅಂತ ಬಂದರೆ ಹುಷಾರ್

ವಿಜಯಪುರದವರೇ, ಅದರಲ್ಲೂ ಪತ್ರಾಸ (ತಗಡಿನ ಚಾವಣಿ) ಮನೆಯಲ್ಲಿ ಇರುವವರೇ, ದಯವಿಟ್ಟು ಇದನ್ನು ಪೂರ್ತಿ ಓದಿ. ಸಬ್ಸಿಡಿ ಅಂತ ನಮ್ಮ ಅವ್ವನ ಖಾತೆಗೆ ಬಂದ 24,000 ರೂಪಾಯಿ ಸಬ್ಸಿಡಿ ಆಗಿರಲಿಲ್ಲ. ಅವ್ವನ ಹೆಸರಲ್ಲೇ ತೆಗೆಸಿದ ಸಾಲ ಅದು. ಈಗ ಪ್ರತಿ ಮಂಗಳವಾರ 560 ರೂಪಾಯಿ ಕಂತು ಕಟ್ಟುತ್ತಿದ್ದೇವೆ.

ನಮ್ಮ ಮನೆ ಇಂಡಿ ರಸ್ತೆ ಕಡೆ. ಎರಡು ಖೋಲಿ, ಮೇಲೆ ಪತ್ರಾಸ. ಬೇಸಿಗೆಯಲ್ಲಿ ನಮ್ಮೂರು 40 ಡಿಗ್ರಿ ದಾಟುವುದು ಹೊಸದಲ್ಲ, ಆದರೆ ಪತ್ರಾಸದ ಕೆಳಗೆ ಮಧ್ಯಾಹ್ನ ಕಳೆದವರಿಗೇ ಗೊತ್ತು ಆ ಕಾವು ಎಂಥದ್ದು ಅಂತ. ಅವ್ವ ಹೊಲಿಗೆ ಮಾಡುತ್ತಾಳೆ. ಏಪ್ರಿಲ್‌ನಲ್ಲಿ ಎರಡು ಗಂಟೆಗೆ ಮಷಿನ್ನಿನ ಚಕ್ರ ಮುಟ್ಟಿದರೆ ಕೈ ಚುರ್ ಅನ್ನುತ್ತದೆ. ಪ್ರತಿ ವರ್ಷ ಮೇಲೆ ಕಣಿಕೆ ಹೊಚ್ಚಿ, ಗೋಣಿತಟ್ಟು ಹಾಸಿ ನೀರು ಹೊಡೆಯುತ್ತಿದ್ದೆವು. ಅದೂ ನಳ ಬಂದ ದಿನ ಮಾತ್ರ.

ಈ ಸಲ ಮೂವರು ಬೈಕ್ ಮೇಲೆ ಬಂದರು. ನಾನು ಕೆಲಸಕ್ಕೆ ಹೋಗಿದ್ದೆ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಟ್ಯಾಬ್. "ಅವ್ವಾರ, ಇದು ಸೂರ್ಯಘರ್ ಇದ್ದಂಗ ಸರ್ಕಾರದ ಸ್ಕೀಮ್ ರೀ. ಒಟ್ಟು ಮೂವತ್ತು ಸಾವಿರದ ಕೆಲಸ. ನೀವು ಬರೇ ಆರು ಸಾವಿರ ಕೊಡ್ರಿ, ಉಳಿದದ್ದು ಸಬ್ಸಿಡಿ. ಫಾರಿನ್‌ದಾಗ ಬಡವರ ಮನಿಗೆ ಹಿಂಗ ಮಾಡಿಕೊಡ್ತಾರ" ಅಂದರಂತೆ. ಆಧಾರ್ ತಗೊಂಡರು, ಕರೆಂಟ್ ಬಿಲ್ ತಗೊಂಡರು, ಮಷಿನ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡರು. ನಾಲ್ಕು ದಿನಕ್ಕೆ ಖಾತೆಗೆ 24,000 ಬಂತು. ಅವ್ವನಿಗೆ ಖುಷಿಯೋ ಖುಷಿ. ಅವರೇ ಬೈಕ್ ಮೇಲೆ ಕೂರಿಸಿಕೊಂಡು ಹೋಗಿ, "ಇದು ಕಂಪನಿಗೆ ಹೋಗೋ ರೊಕ್ಕ ರೀ" ಅಂತ ಎಲ್ಲ ತೆಗೆಸಿಕೊಂಡರು. ಬಿಲ್ ಕೊಡಲಿಲ್ಲ. ಒಂದು ಬಣ್ಣದ ಪಾಂಪ್ಲೆಟ್ ಕೊಟ್ಟರು, ಅಷ್ಟೇ.

ಕೆಲಸ ಒಂದೇ ದಿನದ್ದು. ಪತ್ರಾಸದ ಧೂಳು ಸಹ ಗುಡಿಸಲಿಲ್ಲ. ತುಕ್ಕಿನ ಮೇಲೆ, ಪಾರಿವಾಳದ ಹಿಕ್ಕೆಯ ಮೇಲೆ ಬಿಳಿ ಬಳಿದರು. ಒಳಗೆ ಥರ್ಮಾಕೋಲ್ ಅಂಟಿಸಿದರು, ಗೋಡೆಗೂ ಪತ್ರಾಸಕ್ಕೂ ನಡುವೆ ಇದ್ದ ಸಂದನ್ನೆಲ್ಲ ಫೋಮ್ ತುಂಬಿ ಮುಚ್ಚಿದರು. ಆ ಸಂದಿನಿಂದಲೇ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು! ಆವತ್ತು ರಾತ್ರಿ ರೊಟ್ಟಿ ಬಡಿಯುವಾಗ ಒಲೆಯ ಹೊಗೆ ಹೋಗಲು ದಾರಿ ಇಲ್ಲದೆ ಅವ್ವ ಕೆಮ್ಮುತ್ತಾ ಹೊರಗೆ ಬಂದು ಕೂತಳು. ಒಲೆ ಇರುವ ಖೋಲಿಯಲ್ಲಿ ಥರ್ಮಾಕೋಲ್ ಅಂಟಿಸುವುದೇ ಅಪಾಯ, ಒಂದು ಕಿಡಿ ಸಾಕು. ಮರುದಿನವೇ ಕಿತ್ತು ಹಾಕಿದೆ.

ಆಮೇಲೆ ಫಾರಿನ್ ಮಾತು ನಿಜವಾ ಅಂತ ಹುಡುಕಿ ಓದಿದೆ. ನಿಜವೇ. ಅಮೆರಿಕದಲ್ಲಿ 1976ರಿಂದ ಅಂಥ ಕಾರ್ಯಕ್ರಮ ಇದೆ, ಆದಾಯ ಕಡಿಮೆ ಇರುವವರ ಮನೆಯ ಸಂದು ಮುಚ್ಚಿ ಚಳಿ, ಸೆಕೆ ಎರಡನ್ನೂ ತಡೆಯುತ್ತಾರೆ. ಆದರೆ ಅಲ್ಲಿ ಮೊದಲು ಒಬ್ಬರು ಬಂದು ಮನೆ ಪರೀಕ್ಷೆ ಮಾಡುತ್ತಾರೆ, ಒಲೆ-ಹೀಟರಿನ ಹೊಗೆ ಸರಿಯಾಗಿ ಹೊರಗೆ ಹೋಗುತ್ತಾ ಅಂತ ನೋಡುತ್ತಾರೆ, ಕೆಲಸ ಮುಗಿದ ಮೇಲೆ ಮತ್ತೆ ತಪಾಸಣೆ ಇರುತ್ತದೆ. ಇಲ್ಲಿ ನಮ್ಮ ಒಲೆ ಎಲ್ಲಿದೆ ಅಂತಾನೂ ಯಾರೂ ಕೇಳಲಿಲ್ಲ.

ಬಿಳಿ ಬಣ್ಣ ಸುಳ್ಳಲ್ಲ, ಅದಕ್ಕೇ ನಾವು ನಂಬಿದ್ದು. ಬಿಳಿ ಬಿಸಿಲನ್ನು ವಾಪಸ್ ಕಳಿಸುತ್ತದೆ. ಅಹಮದಾಬಾದಿನಲ್ಲಿ ಬಡವರ ಬಡಾವಣೆಗಳ ಚಾವಣಿಗೆ ಬಿಳಿ ಬಳಿಸಿದ್ದಾರೆ, ತೆಲಂಗಾಣ 2023ರಲ್ಲಿ ಇದಕ್ಕಂತಲೇ ಒಂದು ನೀತಿ ತಂದಿದೆ. ಸರಿಯಾಗಿ ಮಾಡಿದರೆ ಒಳಗೆ 2ರಿಂದ 5 ಡಿಗ್ರಿ ಕಡಿಮೆ ಆಗುತ್ತದೆ. ಇವರು ಹೇಳಿದ್ದು 15 ಡಿಗ್ರಿ. ಅಲ್ಲೇ ಅನುಮಾನ ಬರಬೇಕಿತ್ತು.

ರೋಹಿಣಿ ಮಳೆ ಒಂದು ದಿನ ಜೋರಾಗಿ ಹೊಡೆಯಿತು. ಬಣ್ಣ ಹಪ್ಪಳದ ಹಾಗೆ ಎದ್ದು ಅಂಗಳಕ್ಕೆ ಬಿತ್ತು. ಅದಕ್ಕಿಂತ ಕೆಟ್ಟದ್ದು, ಮೊದಲು ಸೋರದ ಮನೆ ಸೋರತೊಡಗಿತು. ಅವರು ಪತ್ರಾಸದ ನಡುಮಧ್ಯೆ ಓಡಾಡಿದ್ದರು, ಕೆಳಗೆ ಅಡ್ಡಪಟ್ಟಿ ಇರುವ ಕಡೆ ಕಾಲಿಡಲಿಲ್ಲ. ಪತ್ರಾಸ ಬಗ್ಗಿ ಬೋಲ್ಟಿನ ತೂತು ದೊಡ್ಡದಾಗಿ ವಾಷರ್ ಸಡಿಲ ಆಗಿತ್ತು. ಬಿಳಿ ನೀರು ಹನಿಹನಿಯಾಗಿ ಹೊಲಿಯೋಕೆ ಕೊಟ್ಟಿದ್ದ ಒಬ್ಬರ ರೇಷ್ಮೆ ಬ್ಲೌಸಿನ ಮೇಲೆ ಬಿತ್ತು. ಅವ್ವ ಅದನ್ನು ಮೂರು ಸಲ ತೊಳೆದಳು. ಕಲೆ ಹೋಗಲಿಲ್ಲ. ಅದರ ದುಡ್ಡೂ ನಾವೇ ಕೊಟ್ಟೆವು.

ಅದರ ಮುಂದಿನ ಮಂಗಳವಾರ ಕಂತು ಕೇಳುತ್ತಾ ಒಬ್ಬರು ಬಾಗಿಲಿಗೆ ಬಂದರು. ಅವರ ಕೈಯಲ್ಲಿದ್ದ ಸಾಲದ ಕಾರ್ಡಿನಲ್ಲಿ ಅವ್ವನ ಫೋಟೋ, ಅವ್ವನ ಹೆಬ್ಬೆಟ್ಟು. 52 ವಾರ. ಲೆಕ್ಕ ಹಾಕಿದರೆ 29,120 ರೂಪಾಯಿ. ಪೇಂಟಿನವರ ಫೋನ್ ಅಷ್ಟೊತ್ತಿಗೆ ಸ್ವಿಚ್ ಆಫ್. ಪಾಲಿಕೆಗೆ ಹೋಗಿ ಪಾಂಪ್ಲೆಟ್ ತೋರಿಸಿದೆ, ಇದು ನಮ್ಮದಲ್ಲ ಅಂದರು.

ಸೂರ್ಯಘರ್ ಅನ್ನೋದು ಸೋಲಾರ್‌ಗೆ. ಅರ್ಜಿ ಸರ್ಕಾರದ ಪೋರ್ಟಲ್‌ನಲ್ಲಿ ನಮ್ಮ ಹೆಸರಲ್ಲಿ ಹೋಗುತ್ತದೆ, ಪ್ಯಾನಲ್ ಕೂರಿಸಿ ಪರಿಶೀಲನೆ ಆದ ಮೇಲೆ ಸಬ್ಸಿಡಿ ಬರುತ್ತದೆ. ನಮ್ಮಲ್ಲಿ ಕೆಲಸ ಶುರು ಆಗುವ ಮೊದಲೇ ರೊಕ್ಕ ಬಂತು. ನಿಮ್ಮ ಖಾತೆಗೂ ಹಂಗೆ ಬಂದರೆ ಒಂದು ರೂಪಾಯಿನೂ ತೆಗೆದು ಕೊಡಬೇಡಿ. ಮೊದಲು ಬ್ಯಾಂಕಿಗೆ ಹೋಗಿ, ಇದು ಎಲ್ಲಿಂದ ಬಂತು ಅಂತ ಪಾಸ್‌ಬುಕ್ ಎಂಟ್ರಿ ಓದಿಸಿ. ನಾವು ಇದೊಂದು ಮಾಡಿದ್ದರೆ ಉಳಿಯುತ್ತಿದ್ದೆವು.

ಬಿಳಿ ಬಳಿಸಲೇಬೇಕು ಅಂದರೆ ಓಣಿಯ ಪೇಂಟರ್‌ನನ್ನೇ ಕರೆಯಿರಿ. ತುಕ್ಕು ಉಜ್ಜಿ, ತೊಳೆದು, ಒಣಗಿಸಿ, ಪ್ರೈಮರ್ ಹೊಡೆದು, ಆಮೇಲೆ ಎರಡು ಕೋಟ್ ಬಿಳಿ. ನಮ್ಮ ಪಕ್ಕದ ಓಣಿಯ ಅಣ್ಣ ನಮ್ಮ ಎರಡು ಖೋಲಿಗೆ ಸಾಮಾನು, ಕೂಲಿ ಸೇರಿ ಒಂಬತ್ತು ಸಾವಿರ ಹೇಳಿದ. ಮೊದಲು ಒಂದೇ ಪತ್ರಾಸಕ್ಕೆ ಬಳಿಸಿ ಒಂದು ವಾರ ನೋಡಿ. ಕಾಂಕ್ರೀಟ್ ಮಾಳಿಗೆ ಇದ್ದರೆ ಸುಣ್ಣವೇ ಸಾಕು, ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ನಮ್ಮ ಕಡೆ ಧೂಳು ಜಾಸ್ತಿ ಅಲ್ವಾ, ನಡುವೆ ಒಂದೆರಡು ಸಲ ತೊಳೆಯದಿದ್ದರೆ ಬಿಳಿ ಬಳಿದೂ ಉಪಯೋಗ ಇಲ್ಲ. ಮೇಲಿನ ಸಂದು ಮಾತ್ರ ಮುಚ್ಚಬೇಡಿ.

ನಮ್ಮ ಹಾಗೆ ಈಗಾಗಲೇ ಸಿಕ್ಕಿಬಿದ್ದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಫೋನ್ ಅಥವಾ ಹೆಬ್ಬೆಟ್ಟಿನ ಮೂಲಕ ಖಾತೆಯಿಂದ ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಮಾಡಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕ ಇಲ್ಲ. ನಾವು ದೂರು ಕೊಟ್ಟಿದ್ದೇವೆ. ಬಿಲ್ ಇಲ್ಲದ್ದಕ್ಕೆ ಕಷ್ಟ ಆಗುತ್ತಿದೆ, ಉದುರಿದ ಬಣ್ಣದ ಫೋಟೋ, ಪಾಸ್‌ಬುಕ್, ಪಾಂಪ್ಲೆಟ್ ಮೂರನ್ನೂ ಇಟ್ಟಿದ್ದೇವೆ.

ಅದೇ ಮೂವರು ಈಗ ಅಥಣಿ ರಸ್ತೆ ಕಡೆ ತಿರುಗುತ್ತಿದ್ದಾರೆ ಅಂತ ನಿನ್ನೆ ಗೆಳೆಯನೊಬ್ಬ ಹೇಳಿದ. ಮಧ್ಯಾಹ್ನದ ಹೊತ್ತೇ ಬರುತ್ತಾರೆ, ಮನೆಯಲ್ಲಿ ವಯಸ್ಸಾದವರು ಒಬ್ಬರೇ ಇರುವಾಗ. ಆ ಕಡೆ ನಿಮ್ಮವರು ಯಾರಾದರೂ ಇದ್ದರೆ ಇವತ್ತೇ ಫೋನ್ ಮಾಡಿ ಇದನ್ನು ಓದಿ ಹೇಳಿ.