ಹಳೇ ಕಾರಿಗೆ ಎಸಿ: ಡ್ಯಾಶ್ ಕೆಳಗಿನ ಯೂನಿಟ್ಟೋ, ಆಮದು ಕಿಟ್ಟೋ, ಬ್ಯಾಟರಿ ಎಸಿಯೋ?

ಹಳೇ ಕಾರಿಗೆ ಎಸಿ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಕೂಲಿಂಗ್ ಹೇಗಿದೆ? ದೇವನಹಳ್ಳಿ ರಸ್ತೆಯಲ್ಲಿ ಅರವತ್ತರ ವೇಗದಲ್ಲಿ ಹೋಗುವಾಗ ಯಾವ ಎಸಿಯಾದರೂ ತಣ್ಣಗೆ ಮಾಡುತ್ತದೆ. ಅದು ದೊಡ್ಡ ವಿಷಯವೇ ಅಲ್ಲ. ಏಪ್ರಿಲ್ ಮಧ್ಯಾಹ್ನ ಸಿಲ್ಕ್ ಬೋರ್ಡ್ ಹತ್ತಿರ ನಿಂತಿದ್ದೀರಿ, ಮುಂದೆ ಬಿಎಂಟಿಸಿ ಬಸ್ಸು, ಇಂಜಿನ್ ಐಡ್ಲಿಂಗ್‌ನಲ್ಲಿದೆ. ಆಗಲೂ ತಣ್ಣಗಿರುತ್ತಾ? ರೇಡಿಯೇಟರ್ ಕುದಿಯದೆ ಇರುತ್ತಾ? ಬ್ಯಾಟರಿ ಇಳಿಯದೆ ಇರುತ್ತಾ? ನಾನು ಹೋಲಿಸಿದ್ದು ಈ ಮೂರು ಪ್ರಶ್ನೆ ಇಟ್ಟುಕೊಂಡೇ.

ಕಾರುಗಳೂ ಮೂರು. ನನ್ನ ಪ್ರೀಮಿಯರ್ ಪದ್ಮಿನಿಗೆ ಡ್ಯಾಶ್‌ಬೋರ್ಡ್ ಕೆಳಗೆ ತೂಗುಹಾಕುವ ಯೂನಿಟ್, ಜೊತೆಗೆ ಮಾರುತಿ 800ರ ಸಣ್ಣ ಕಂಪ್ರೆಸರ್, ಅಂದರೆ ಇಂಜಿನ್ ಬೆಲ್ಟಿನಿಂದ ತಿರುಗಿ ಎಸಿ ಗ್ಯಾಸನ್ನು ಒತ್ತಿ ತಳ್ಳುವ ಪಂಪ್. ಮಲ್ಲೇಶ್ವರದ ನಮ್ಮ ಭಾವನ ಅಂಬಾಸಿಡರ್‌ಗೆ ಅಮೆರಿಕದಿಂದ ತರಿಸಿದ ಕಿಟ್. ಬಸವನಗುಡಿಯ ಗೆಳೆಯನ ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ 12 ವೋಲ್ಟ್‌ನ ಎಲೆಕ್ಟ್ರಿಕ್ ಎಸಿ. ಮೂರನ್ನೂ ಬಿಸಿಲಲ್ಲಿ ಓಡಿಸಿದ್ದೇನೆ, ಮೂರರ ಬಾನೆಟ್ ಕೆಳಗೂ ಕೈ ಹಾಕಿದ್ದೇನೆ. ನನ್ನ ಮಟ್ಟಿಗೆ ಇದು ಶೋಕಿ ಅಲ್ಲ. ಪದ್ಮಿನಿ ಅಪ್ಪ ತಂದ ಕಾರು. ಮದುವೆ, ಗೃಹಪ್ರವೇಶಕ್ಕೆ ಅದರಲ್ಲೇ ಹೋಗಬೇಕು ಅಂತ ಅಮ್ಮನಿಗೆ ಆಸೆ. ಎಪ್ಪತ್ತು ದಾಟಿದವರು ರೇಷ್ಮೆ ಸೀರೆ ಉಟ್ಟು ಮೇ ತಿಂಗಳಲ್ಲಿ ಆ ಕಾರಿನಲ್ಲಿ ಕೂರುವುದು ಕಷ್ಟ. ಬೆಂಗಳೂರಿಗೆ ಯಾಕಪ್ಪಾ ಎಸಿ ಅನ್ನುವವರು ಈಗಲೂ ಇದ್ದಾರೆ. 2016ರ ಏಪ್ರಿಲ್ 24ರಂದು ಇದೇ ಊರಲ್ಲಿ 39.2 ಡಿಗ್ರಿ ದಾಖಲಾಗಿದೆ. ಮುಂದಿನ ಬಾಗಿಲಿನ ತ್ರಿಕೋನ ಗಾಜು ತಿರುಗಿಸಿದರೆ ಗಾಳಿ ಬರುತ್ತದೆ ನಿಜ, ಆದರೆ ಕಾರು ಓಡುತ್ತಿದ್ದರೆ ಮಾತ್ರ.

ಯಾವ ದಾರಿ ಹಿಡಿದರೂ ಮೊದಲು ಎರಡು ಲೆಕ್ಕ ಹಾಕಬೇಕು. ಒಂದು, ಇಂಜಿನ್ನಿನ ಶಕ್ತಿ. ಪದ್ಮಿನಿಯದು 1089 ಸಿಸಿ ಇಂಜಿನ್, ಹೊಸದಾಗಿದ್ದಾಗಲೂ 40 ಅಶ್ವಶಕ್ತಿಯ ಆಸುಪಾಸು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿ ತೆಳು, ಹಾಗಾಗಿ ಕಾರ್ಬೊರೇಟರ್ ಇಂಜಿನ್ ಹತ್ತರಲ್ಲಿ ಒಂದು ಪಾಲು ಶಕ್ತಿಯನ್ನು ಊರಿಗೇ ಕೊಟ್ಟುಬಿಡುತ್ತದೆ. ಉಳಿದ 36ರಲ್ಲಿ ಕಂಪ್ರೆಸರ್ ಮೂರೋ ನಾಲ್ಕೋ ತಿನ್ನುತ್ತದೆ. ಸಣ್ಣ ಕಂಪ್ರೆಸರ್ ಬೇಕು ಅಂತ ನಾನು ಪದೇಪದೇ ಹೇಳುವುದು ಇದಕ್ಕೇ.

ಎರಡನೆಯದು ಕರೆಂಟ್. ಕಾರಿಗೆ ಕರೆಂಟ್ ಹುಟ್ಟಿಸುವ ಆ ಕಾಲದ ಡೈನಮೊ ಹೆಚ್ಚೆಂದರೆ 20–22 ಆಂಪಿಯರ್ ಕೊಡುತ್ತದೆ, ಅದೂ ಕಾರು ವೇಗವಾಗಿ ಓಡುವಾಗ. ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕುತ್ತದೆ ಅಲ್ವಾ, ಆಗ ಅದು ಕೊಡುವುದು ಹೆಚ್ಚುಕಮ್ಮಿ ಸೊನ್ನೆ. ಬ್ಲೋವರ್‌ಗೆ 10 ಆಂಪಿಯರ್, ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರಿನ ಫ್ಯಾನ್‌ಗೆ 8–10, ಕಂಪ್ರೆಸರನ್ನು ಬೆಲ್ಟಿಗೆ ಹಿಡಿಸಿ ಬಿಡಿಸುವ ಕ್ಲಚ್‌ಗೆ 3–4, ರಾತ್ರಿಯಾದರೆ ಹೆಡ್‌ಲೈಟಿನದು ಬೇರೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುವ ಮಾತು ಇಲ್ಲಿ ಅಕ್ಷರಶಃ ನಿಜ. ಎಸಿಗಿಂತ ಮೊದಲು ಡೈನಮೊ ತೆಗೆದು, ಹೆಚ್ಚು ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸಿ. 55–65 ಆಂಪಿಯರ್‌ನದು ಸಾಕು. ಮಾರಿಸ್ ಮೈನರ್‌ನಂಥ ಹಳೆಯ ಬ್ರಿಟಿಷ್ ಕಾರಾದರೆ ಬ್ಯಾಟರಿಯ ಪ್ಲಸ್ ಬಾಡಿಗೆ ಸೇರಿರುತ್ತದೆ. ಅದನ್ನು ಮೈನಸ್‌ಗೆ ಬದಲಿಸದೆ ಆಲ್ಟರ್ನೇಟರ್ ಕೂರಿಸಿದರೆ ಅದರೊಳಗಿನ ಡಯೋಡ್ ಸುಟ್ಟುಹೋಗುತ್ತದೆ.

ಈಗ ಪದ್ಮಿನಿ. ಮಾರುತಿ 800ರ ಕಂಪ್ರೆಸರ್ ಯಾಕೆ ಅಂದರೆ, ಅದು 796 ಸಿಸಿಯ ಮೂರು ಸಿಲಿಂಡರ್ ಇಂಜಿನ್‌ಗೆ ಅಂತಲೇ ಮಾಡಿದ್ದು. ಆ ಪುಟ್ಟ ಇಂಜಿನ್ ಎಳೆದದ್ದನ್ನು ಪದ್ಮಿನಿ ಎಳೆಯದೇ ಇರುತ್ತದೆಯೇ? ಸಾಮಾನು ಜೆಸಿ ರೋಡಿನಲ್ಲಿ ಇವತ್ತಿಗೂ ಸಿಗುತ್ತದೆ. ಕೂಲಿಂಗ್ ಕಾಯಿಲ್, ಅದಕ್ಕೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್, ತೇವ ಹೀರುವ ಡ್ರೈಯರ್ ಬಾಟಲ್ ಎಲ್ಲವೂ ಸಿಗುತ್ತದೆ. ಹುಡುಕಿದರೂ ಸಿಗದ ವಸ್ತು ಒಂದೇ, ಕಂಪ್ರೆಸರನ್ನು ಇಂಜಿನ್‌ಗೆ ಕೂರಿಸುವ ಬ್ರಾಕೆಟ್. ಅದನ್ನು ಲೇತ್ ಅಂಗಡಿಯಲ್ಲಿ ಮಾಡಿಸಲೇಬೇಕು. ದಪ್ಪ ಪ್ಲೇಟಿನಲ್ಲೇ ಮಾಡಿಸಿ. ತೆಳು ಪಟ್ಟಿಯಲ್ಲಿ ಮಾಡಿದ ಬ್ರಾಕೆಟ್ ಕಂಪ್ರೆಸರಿನ ಕ್ಲಚ್ ಹಿಡಿದಾಗಲೆಲ್ಲ ಒಂಚೂರು ಬಾಗುತ್ತದೆ, ಪುಲ್ಲಿ ಸಾಲು ತಪ್ಪುತ್ತದೆ, ಬೆಲ್ಟ್ ಕಿರುಚಲು ಶುರುಮಾಡುತ್ತದೆ. ಕ್ರ್ಯಾಂಕ್ ಪುಲ್ಲಿಗೆ ಇನ್ನೊಂದು ಸಾಲು ಕೂಡಿಸುವ ಕೆಲಸವೂ ಅಲ್ಲೇ ಆಗಬೇಕು.

ಯೂನಿಟ್ ಕೂರುವ ಜಾಗ ಪದ್ಮಿನಿಯಲ್ಲಿ ಚೆನ್ನಾಗಿದೆ. ಗೇರ್ ಸ್ಟೇರಿಂಗ್ ಪಕ್ಕದಲ್ಲಿರುವುದರಿಂದ ಡ್ಯಾಶ್‌ಬೋರ್ಡಿನ ನಡುಮಧ್ಯೆ ಕೆಳಗೆ ಏನೂ ಅಡ್ಡ ಇಲ್ಲ. ಮುಂದಿನ ಉದ್ದ ಸೀಟಿನ ಮಧ್ಯೆ ಕೂರುವವರಿಗೆ ಮಾತ್ರ ಮಂಡಿ ತಾಗುತ್ತದೆ. ಯೂನಿಟ್ಟಿನಿಂದ ತೊಟ್ಟಿಕ್ಕುವ ನೀರು ಹೋಗುವ ಪೈಪಿಗೆ ಹೊಸ ತೂತು ಕೊರೆಯಲು ನಾನು ಬಿಡಲಿಲ್ಲ. ತಳದಲ್ಲಿ ಕಾರ್ಖಾನೆಯವರೇ ಬಿಟ್ಟ, ರಬ್ಬರ್ ಬಿರಡೆ ಮುಚ್ಚಿದ ತೂತು ಇತ್ತು. ಪೈಪ್ ಅದರಲ್ಲೇ ಇಳಿಯಿತು. ನಾಳೆ ಯೂನಿಟ್ ಬಿಚ್ಚಿದರೆ ಕಾರು ಮೊದಲಿನಂತೆಯೇ ಇರುತ್ತದೆ. ನನಗೆ ಇದು ಬಹಳ ಮುಖ್ಯ.

ಕೆಲಸ ಮಾಡಿದ ಎಸಿ ಮಿಸ್ತ್ರಿಯ ತಾಳ್ಮೆ ನೋಡಬೇಕಿತ್ತು. ಹೋಸುಗಳನ್ನೆಲ್ಲ ಕ್ರಿಂಪ್ ಮಾಡಿ ಸೇರಿಸಿದ ಮೇಲೆ ಅವರು ನೇರವಾಗಿ ಗ್ಯಾಸ್ ತುಂಬಲಿಲ್ಲ. ಮೊದಲು ನೈಟ್ರೋಜನ್ ಒತ್ತಡ ಕೊಟ್ಟು, ಶೇವಿಂಗ್ ಬ್ರಷ್ಷಿನಲ್ಲಿ ಸೋಪಿನ ನೊರೆ ಎಬ್ಬಿಸಿ ಪ್ರತಿ ಜಾಯಿಂಟಿಗೂ ಹಚ್ಚಿದರು. ಡ್ರೈಯರ್ ಬಾಟಲಿನ ಪಕ್ಕದ ನಟ್ಟಿನಲ್ಲಿ ಸಾಸಿವೆ ಗಾತ್ರದ ಒಂದು ಗುಳ್ಳೆ ನಿಧಾನವಾಗಿ ಉಬ್ಬಿತು. ಬಿಚ್ಚಿ, ಓ-ರಿಂಗ್ ಬದಲಿಸಿ, ಎಣ್ಣೆ ಸವರಿ, ಮತ್ತೆ ಬಿಗಿ ಮಾಡಿ, ಮತ್ತೆ ನೊರೆ. ಆಮೇಲೆ ವ್ಯಾಕ್ಯೂಮ್ ಪಂಪ್ ಮುಕ್ಕಾಲು ಗಂಟೆ ಓಡಿತು. ಪಂಪ್ ನಿಲ್ಲಿಸಿದ ಮೇಲೂ ಮೀಟರ್ ಮುಳ್ಳು ಕದಲಿಲ್ಲ. ಆಗ ಮಾತ್ರ ಗ್ಯಾಸಿನ ಡಬ್ಬಿ ಹೊರಬಂತು. ವ್ಯಾಕ್ಯೂಮ್ ಎಳೆಯದೆ, "ಸ್ವಲ್ಪ ಗ್ಯಾಸ್ ಬಿಟ್ಟು ಗಾಳಿ ಓಡಿಸಿಬಿಡ್ತೀನಿ ಸಾರ್" ಅನ್ನುವ ಅಂಗಡಿಯಿಂದ ಎದ್ದು ಬನ್ನಿ. ಒಳಗೆ ಉಳಿದ ತೇವ ಎಕ್ಸ್‌ಪ್ಯಾನ್ಷನ್ ವಾಲ್ವಿನಲ್ಲಿ ಹೆಪ್ಪುಗಟ್ಟಿ ಕೂಲಿಂಗ್ ಬಂದು ಬಂದು ಹೋಗುತ್ತದೆ.

ಇನ್ನೆರಡು ಸಣ್ಣ ಸಾಮಾನು ಪದ್ಮಿನಿಯನ್ನು ಉಳಿಸಿದವು. ಎಸಿ ಹಾಕಿದ ಕೂಡಲೇ ಐಡ್ಲಿಂಗ್ ಏರಿಸುವ ವ್ಯಾಕ್ಯೂಮ್ ಡಯಾಫ್ರಮ್ ಒಂದು, ಇದೂ ಮಾರುತಿಯದೇ. ಆಕ್ಸಿಲರೇಟರ್ ಪೂರ್ತಿ ತುಳಿದಾಗ ಕಂಪ್ರೆಸರನ್ನು ಬಿಡಿಸುವ ಪುಟ್ಟ ಸ್ವಿಚ್ ಇನ್ನೊಂದು. ನಂದಿ ಬೆಟ್ಟದ ತಿರುವುಗಳಲ್ಲಿ ಆ ಸ್ವಿಚ್ಚಿನ ಬೆಲೆ ಗೊತ್ತಾಗುತ್ತದೆ. ತಣ್ಣನೆ ಗಾಳಿ ಕ್ಷಣ ನಿಲ್ಲುತ್ತದೆ, ಕಾರು ತಿರುವು ಹತ್ತುತ್ತದೆ, ಗಾಳಿ ಮತ್ತೆ ಬರುತ್ತದೆ.

ಅಂಬಾಸಿಡರ್ ಕಥೆಯೇ ಬೇರೆ. ಹಳೇ ಕಾರಿಗೆ ಎಸಿ ಮಾಡಿಕೊಡುವುದನ್ನೇ ಕಸುಬು ಮಾಡಿಕೊಂಡ ಕಂಪನಿಗಳು ಅಮೆರಿಕದಲ್ಲಿ 1970ರ ದಶಕದಿಂದಲೂ ಇವೆ. ಆ ಕಿಟ್ಟುಗಳ ಅಂದವೇ ಅಂದ. ಎಲ್ಲವೂ ಡ್ಯಾಶ್‌ಬೋರ್ಡಿನ ಹಿಂದೆ ಅಡಗುತ್ತದೆ. ಭಾವನ ಕಾರಿನಲ್ಲಿ ಎಸಿ ಇದೆ ಅಂತ ಹೇಳಿದರೂ ಜನ ನಂಬುವುದಿಲ್ಲ. ದೊಡ್ಡ ದೊಡ್ಡ ಅಮೆರಿಕನ್ ಕಾರುಗಳಿಗೆ ಅಂತ ಮಾಡಿದ್ದರಿಂದ ಬ್ಲೋವರ್ ಬಲವಾಗಿದೆ, ಹಿಂದಿನ ಸೀಟಿನವರಿಗೂ ಗಾಳಿ ತಲುಪುತ್ತದೆ. ಪದ್ಮಿನಿಯಲ್ಲಿ ಈ ಸುಖ ಇಲ್ಲ, ಅಮ್ಮ ಮುಂದೆಯೇ ಕೂರಬೇಕು. ಇನ್ನೊಂದು ಲಾಭ ಹೀಟರ್. ಬೆಂಗಳೂರಿಗೆ ಹೀಟರ್ ಯಾಕೆ ಅಂತ ನನಗೂ ಅನಿಸಿತ್ತು. ಮಡಿಕೇರಿಯ ಮಳೆಯಲ್ಲಿ ಗೊತ್ತಾಯಿತು. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಅದನ್ನು ಬೆಚ್ಚಗೆ ಮಾಡುತ್ತದೆ, ಮುಂದಿನ ಗಾಜಿನ ಮಂಜು ಕ್ಷಣದಲ್ಲಿ ಹೋಗುತ್ತದೆ.

ಕಷ್ಟ ಇಂಜಿನ್ ಕಡೆಯದು. ಕಿಟ್ಟಿನ ಜೊತೆ ಬಂದದ್ದು ಮಿಸ್ತ್ರಿಗಳೆಲ್ಲ 508 ಅಂತ ಕರೆಯುವ ಸ್ಯಾಂಡನ್ ಮಾದರಿಯ ಕಂಪ್ರೆಸರ್. ಒಂದು ಸುತ್ತಿಗೆ 138 ಸಿಸಿ ಗ್ಯಾಸ್ ತಳ್ಳುತ್ತದೆ. ನಾಲ್ಕೈದು ಲೀಟರಿನ ವಿ-8 ಇಂಜಿನ್‌ಗೆ ಅದು ಲೆಕ್ಕಕ್ಕೇ ಇಲ್ಲ. 1489 ಸಿಸಿಯ ಅಂಬಾಸಿಡರ್ ಐಡ್ಲಿಂಗ್‌ನಲ್ಲಿ ಅದನ್ನು ಹಿಡಿದಾಗ ಬಾನೆಟ್ಟೇ ನಡುಗುತ್ತಿತ್ತು. ಅದೇ ಜಾತಿಯ 505 ಸಿಗುತ್ತದೆ, ಸುತ್ತಿಗೆ 87 ಸಿಸಿ. ಅದನ್ನು ಹಾಕಿದ ಮೇಲೆ ನಡುಕ ನಿಂತಿತು, ಕೂಲಿಂಗ್‌ನಲ್ಲಿ ನನಗೆ ವ್ಯತ್ಯಾಸ ಕಾಣಲಿಲ್ಲ. ಆ ಇಂಜಿನ್‌ಗೆ ಸಿದ್ಧ ಬ್ರಾಕೆಟ್ ಕಿಟ್ಟಿನಲ್ಲಿ ಇರಲಿಲ್ಲ, ಮತ್ತೆ ಲೇತ್ ಅಂಗಡಿಯೇ ಗತಿ. ಕೂರಿಸಲು ಡ್ಯಾಶ್‌ಬೋರ್ಡ್ ಪೂರ್ತಿ ಬಿಚ್ಚಬೇಕು, ಗ್ಲೋವ್ ಬಾಕ್ಸಿನ ಆಳ ಹೋಗುತ್ತದೆ. ಸಾಗಣೆ, ಸುಂಕ ಎಲ್ಲ ಸೇರಿದರೆ ಖರ್ಚು ಲಕ್ಷ ದಾಟಿ ದೂರ ಹೋಗುತ್ತದೆ. ಹೋಸಿನ ಅಳತೆಗಳು ಮಾತ್ರ ಇಲ್ಲಿನವೇ. ಒಂದು ಪೈಪ್ ಒಡೆದರೆ ಕಲಾಸಿಪಾಳ್ಯದಲ್ಲೇ ಮಾಡಿಸಬಹುದು. ಕಂಟ್ರೋಲ್ ಬೋರ್ಡ್ ಕೆಟ್ಟರೆ ಅಮೆರಿಕದಿಂದಲೇ ಬರಬೇಕು.

ಹೆರಾಲ್ಡ್‌ನ ಎಲೆಕ್ಟ್ರಿಕ್ ಎಸಿ ಬಗ್ಗೆ ನನಗೆ ಎಲ್ಲಕ್ಕಿಂತ ಜಾಸ್ತಿ ಆಸೆ ಇತ್ತು. 948 ಸಿಸಿಯ ಪುಟ್ಟ ಇಂಜಿನ್ನಿನ ಹೆಗಲಿಗೆ ಏನೂ ಹೊರಿಸಬೇಕಿಲ್ಲ, ಬೆಲ್ಟ್ ಇಲ್ಲ, ಬ್ರಾಕೆಟ್ ಇಲ್ಲ. ಇಂಜಿನ್ ನಿಲ್ಲಿಸಿದರೂ ಎಸಿ ಓಡುತ್ತದೆ. ಹಳೇ ಕಾರುಗಳ ಪ್ರದರ್ಶನದಲ್ಲಿ ನಿಂತಿದ್ದಾಗ ಅದು ನಿಜಕ್ಕೂ ಹಿತ. ಆದರೆ ಲೆಕ್ಕ ಕೂಡಿಬರುವುದಿಲ್ಲ. ಸುಮಾರು 1000 ವ್ಯಾಟ್ ತಿನ್ನುವ ಯಂತ್ರ 12 ವೋಲ್ಟಿನಲ್ಲಿ 80 ಆಂಪಿಯರ್ ಎಳೆಯುತ್ತದೆ. ಇಂಥ ಕಾರಿಗೆ ಹಾಕುವ ಸಾಮಾನ್ಯ ಆಲ್ಟರ್ನೇಟರಿನಿಂದ ಐಡ್ಲಿಂಗ್‌ನಲ್ಲಿ ಅಷ್ಟು ಬರುವುದಿಲ್ಲ. ಉಳಿದದ್ದು ಬ್ಯಾಟರಿಯಿಂದ ಬರಬೇಕು. ಡಿಕ್ಕಿಯಲ್ಲಿ 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿ ಇಟ್ಟರೂ ಅದರಿಂದಲೇ ಓಡಿಸಿದರೆ ಒಂದು ಗಂಟೆ, ಸ್ವಲ್ಪ ಮೇಲೆ. ಸಂಜೆ ಬಸವನಗುಡಿಯಿಂದ ವೈಟ್‌ಫೀಲ್ಡ್‌ಗೆ ಹೊರಟರೆ ತಲುಪುವ ಮೊದಲೇ ಬಿಸಿಗಾಳಿ. ಹಾಕಿಸುವವರು ಬ್ಯಾಟರಿ ಪಕ್ಕದಲ್ಲೇ ದೊಡ್ಡ ಫ್ಯೂಸ್, ದಪ್ಪ ಕೇಬಲ್ ಹಾಕಿಸಲೇಬೇಕು. 80 ಆಂಪಿಯರ್ ತೆಳು ತಂತಿಯಲ್ಲಿ ಹರಿದರೆ ಬೆಂಕಿ ಖಂಡಿತ.

ಇಷ್ಟೆಲ್ಲ ಹೋಲಿಸಿದ ಮೇಲೆ ನನಗೆ ಮನದಟ್ಟಾಗಿದ್ದು ಇದು: ಸಿಗ್ನಲ್‌ನಲ್ಲಿ ಗೆಲ್ಲುವುದು ಸೋಲುವುದು ಒಳಗಿನ ಯೂನಿಟ್ಟಿನಿಂದಲ್ಲ, ಗ್ರಿಲ್ ಹಿಂದಿನ ಕಂಡೆನ್ಸರಿನಿಂದ. ಕಾರಿನೊಳಗಿನ ಬಿಸಿಯನ್ನೆಲ್ಲ ಹೊರಗೆ ಬಿಡುವುದು ಅದೇ. ಹಳೇ ಕಾಲದ ಕೊಳವೆ-ರೆಕ್ಕೆಯ ಕಂಡೆನ್ಸರ್ ಬೇಡ. ಈಗ ಬರುವ, ಗ್ಯಾಸ್ ಹಲವು ಸಣ್ಣ ಕೊಳವೆಗಳಲ್ಲಿ ಒಟ್ಟಿಗೆ ಹರಿಯುವ ಪ್ಯಾರಲಲ್ ಫ್ಲೋ ಮಾದರಿಯನ್ನು, ಗ್ರಿಲ್ ಹಿಂದೆ ಹಿಡಿಯುವಷ್ಟು ದೊಡ್ಡದನ್ನು ಹಾಕಿಸಿ. ಪದ್ಮಿನಿಯಲ್ಲಿ ಮೊದಲು ಇಂಜಿನ್ ಫ್ಯಾನ್ ಒಂದೇ ಇತ್ತು. ಓಡುವಾಗ ಗಾಳಿಯ ಬಾಯಲ್ಲಿ 9 ಡಿಗ್ರಿ ತೋರಿಸುತ್ತಿದ್ದ ಥರ್ಮಾಮೀಟರ್ ಸಿಗ್ನಲ್‌ನಲ್ಲಿ 18ಕ್ಕೆ ಏರುತ್ತಿತ್ತು. ಕಂಡೆನ್ಸರ್ ಮುಂದೆ ಎಲೆಕ್ಟ್ರಿಕ್ ಫ್ಯಾನ್ ಹಾಕಿದ ಮೇಲೆ 12 ದಾಟುವುದಿಲ್ಲ. ಬೇರೆ ಯಾವ ಖರ್ಚೂ ಇಷ್ಟು ಫಲ ಕೊಡಲಿಲ್ಲ. ಕಂಡೆನ್ಸರಿನ ಬಿಸಿ ನೇರ ರೇಡಿಯೇಟರಿಗೆ ಬಡಿಯುವುದರಿಂದ ರೇಡಿಯೇಟರಿಗೂ ಹೊಸ ಕೋರ್ ಹಾಕಿಸುವುದು ಒಳ್ಳೆಯದು. ನಮ್ಮ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅದನ್ನು ತಡೆಯುವುದು ಮುಚ್ಚಳದ ಒತ್ತಡ. ಆ ಮುಚ್ಚಳದ ರಬ್ಬರ್ ಸವೆದಿದ್ದರೆ ಇಂದೇ ಬದಲಿಸಿ.

ಗ್ಯಾಸಿನ ವಿಷಯ ಚುಟುಕಾಗಿ. ಹಳೇ ಆರ್12 ಗ್ಯಾಸು ಓಝೋನ್ ಪದರಕ್ಕೆ ಹಾನಿ ಅಂತ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ನಿಂತುಹೋಗಿದೆ. ಈಗ ಹಾಕುವುದು ಆರ್134ಎ. ಹಳೇ ಕಂಪ್ರೆಸರ್ ಆದರೆ ಒಳಗಿನ ಮಿನರಲ್ ಎಣ್ಣೆ ತೊಳೆದು ತೆಗೆಸಿ, ಈ ಗ್ಯಾಸಿಗೆ ಹೊಂದುವ ಎಣ್ಣೆ ಹಾಕಿಸಿ. ಡ್ರೈಯರ್ ಬಾಟಲ್ ಹೊಸದೇ ಇರಲಿ. ಕಡಿಮೆ ಬೆಲೆಗೆ ಅಡುಗೆ ಗ್ಯಾಸಿನ ಜಾತಿಯ ಮಿಶ್ರಣ ತುಂಬುವವರಿದ್ದಾರೆ. ತಣ್ಣಗಂತೂ ಆಗುತ್ತದೆ, ಆದರೆ ಕೂಲಿಂಗ್ ಕಾಯಿಲ್ ಸೋರಿದರೆ ಬೆಂಕಿ ಹತ್ತುವ ಗ್ಯಾಸ್ ನಿಮ್ಮ ಮಡಿಲಿಗೇ ಬರುತ್ತದೆ. ಖಂಡಿತ ಬೇಡ.

ಬಾಡಿ ಕತ್ತರಿಸುವ ಕೆಲಸವೂ ಬೇಡ. 2021ರಲ್ಲಿ ಬಂದ ನಿಯಮದ ಪ್ರಕಾರ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ‘ವಿಎ’ ಬರುತ್ತದೆ. ಅದಕ್ಕೆ ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಬದಲಾಗಿರಬಾರದು. ಬೋಲ್ಟ್ ಬಿಚ್ಚಿದರೆ ಹೊರಬರುವಂತೆ ಹಾಕಿಸಿದರೆ ಮುಂದೆ ತಲೆನೋವಿಲ್ಲ.

ಪದ್ಮಿನಿ, ಹೆರಾಲ್ಡ್, ಮಾರಿಸ್‌ನಂಥ ಸಣ್ಣ ಇಂಜಿನ್ನಿನ ಕಾರಿಗೆ ನನ್ನ ಮತ ಡ್ಯಾಶ್ ಕೆಳಗಿನ ಯೂನಿಟ್ಟಿಗೆ, ಮಾರುತಿ ಕಂಪ್ರೆಸರಿಗೆ. ಉಳಿದ ದುಡ್ಡನ್ನು ಕಂಡೆನ್ಸರಿಗೆ ಹಾಕಿ. ಅಂಬಾಸಿಡರ್ ಅಥವಾ ಅದಕ್ಕಿಂತ ದೊಡ್ಡ ಕಾರು, ಹಿಂದೆ ಕೂರುವವರು ಜಾಸ್ತಿ, ದುಡ್ಡಿಗೆ ತೊಂದರೆ ಇಲ್ಲ ಅನ್ನುವವರು ಆಮದು ಕಿಟ್ ತರಿಸಿ, ಸಣ್ಣ ಕಂಪ್ರೆಸರ್ ಹಾಕಿಸಿಕೊಳ್ಳಿ. ಎಲೆಕ್ಟ್ರಿಕ್ ಎಸಿ ಪ್ರದರ್ಶನಕ್ಕೆ ಮಾತ್ರ ಹೊರಡುವ ಕಾರಿಗೆ ಸರಿ. ದಿನದ ಓಡಾಟಕ್ಕೆ ಈಗಲೇ ಬೇಡ. ಕೆಲಸ ಕೊಡುವವರು ಜನವರಿಯಲ್ಲೇ ಕೊಡಿ. ಮಾರ್ಚ್ ಬಂತೆಂದರೆ ಒಳ್ಳೆಯ ಎಸಿ ಮಿಸ್ತ್ರಿಗಳಿಗೆ ಪುರುಸೊತ್ತು ಇರುವುದಿಲ್ಲ. ಆ ಸೋಪಿನ ನೊರೆಗೆ, ಮುಕ್ಕಾಲು ಗಂಟೆಯ ವ್ಯಾಕ್ಯೂಮ್‌ಗೆ ಸಮಯ ಕೊಡುವವರು ಆಮೇಲೆ ಸಿಗುವುದು ಕಷ್ಟ.